ಕೊನೆಯ ಹಾಲಿಗೂ ನಿದ್ದೆಗೂ ನಡುವೆ: ಮಗುವಿನ ಹಲ್ಲುಜ್ಜಲು ಹೊತ್ತು ಹೊಂದಿಸುವ ಬಗೆ

ಪ್ರಶ್ನೆ: ನಮ್ಮದು ಮಾಲೂರು ತಾಲ್ಲೂಕಿನ ಒಂದು ಹಳ್ಳಿ. ಮಗಳಿಗೆ ಈಗ ಹದಿಮೂರು ತಿಂಗಳು; ಮೇಲೆ ನಾಲ್ಕು, ಕೆಳಗೆ ಎರಡು ಹಲ್ಲು ಬಂದಿವೆ. ನಾನು ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಕೆಲಸಕ್ಕೆ ಹೋಗುತ್ತೇನೆ, ಮನೆ ಸೇರುವಾಗ ಸಂಜೆ ಆರೂವರೆ ಆಗಿರುತ್ತದೆ. ಏಳೂವರೆಗೆ ಅತ್ತೆಯವರು ಬೆಲ್ಲ ಹಾಕಿದ ರಾಗಿ ಸರಿ ತಿನ್ನಿಸುತ್ತಾರೆ, ಎಂಟೂವರೆಯ ಹೊತ್ತಿಗೆ ನಾನು ಎದೆಹಾಲು ಕೊಡುತ್ತಲೇ ಮಲಗಿಸುತ್ತೇನೆ, ನಡುರಾತ್ರಿ ಎದ್ದರೆ ಸಕ್ಕರೆ ಹಾಕಿದ ಹಸುವಿನ ಹಾಲಿನ ಬಾಟಲಿ ಕೊಡುತ್ತೇವೆ. ಅಂಗನವಾಡಿಗೆ ತೂಕ ನೋಡಿಸಲು ಹೋದಾಗ ರಾತ್ರಿ ಮಲಗುವ ಮುಂಚೆ ಹಲ್ಲುಜ್ಜಿ ಎಂದು ಹೇಳಿದರು. ಯಾವ ಹೊತ್ತಿನಲ್ಲಿ ಉಜ್ಜುವುದು? ಹಾಲು ಕುಡಿಯುತ್ತಲೇ ನಿದ್ದೆ ಹೋದ ಮಗುವನ್ನು ಎಬ್ಬಿಸಬೇಕೇ? ಬ್ರಷ್ ಬಾಯಿಗಿಟ್ಟರೆ ಅಳುತ್ತಾಳೆ. ನಮ್ಮೂರಿನ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇದೆ ಎನ್ನುತ್ತಾರೆ, ಪಕ್ಕದ ಮನೆಯ ಮಕ್ಕಳ ಹಲ್ಲಿನಲ್ಲಿ ಕಂದು ಕಲೆಗಳಿವೆ. ಹಾಗಿರುವಾಗ ಫ್ಲೋರೈಡ್ ಪೇಸ್ಟ್ ಹಾಕಬಹುದೇ? ಬಿದ್ದುಹೋಗುವ ಹಲ್ಲಿಗೆ ಇಷ್ಟೆಲ್ಲ ಯಾಕೆ ಎಂದು ಅತ್ತೆಯವರು ಕೇಳುತ್ತಾರೆ, ಅವರಿಗೆ ಏನು ಹೇಳಲಿ?

ಉತ್ತರ: ಮೊದಲು ಹೊತ್ತಿನ ಪ್ರಶ್ನೆಯನ್ನೇ ತೆಗೆದುಕೊಳ್ಳುತ್ತೇನೆ, ಏಕೆಂದರೆ ನಿಮ್ಮ ಉಳಿದ ತೊಂದರೆಗಳಲ್ಲಿ ಹೆಚ್ಚಿನವು ಅದರಿಂದಲೇ ಹುಟ್ಟಿವೆ. ಏಳು ಗಂಟೆಗೆ ಉಜ್ಜಿದರೂ ಸರಿ, ಎಂಟೂವರೆಗೆ ಉಜ್ಜಿದರೂ ಸರಿ, ಆ ದಿನ ಮಗು ಕೊನೆಯದಾಗಿ ತಿನ್ನುವುದು ಕುಡಿಯುವುದು ಮುಗಿದ ಮೇಲೆ ಮತ್ತು ನಿದ್ದೆ ಹತ್ತುವ ಮುಂಚೆ ಉಜ್ಜಬೇಕು. ಉಜ್ಜಿದ ಮೇಲೆ ಬೆಳಗಿನವರೆಗೆ ಬಾಯಿಗೆ ಸಿಹಿ ಹೋಗಬಾರದು. ನಿಮ್ಮ ಮನೆಯಲ್ಲಿ ಬ್ರಷ್‌ಗೆ ಜಾಗ ಸಿಗದಿರುವುದು ನೀವು ಉದಾಸೀನ ಮಾಡಿದ್ದರಿಂದಲ್ಲ. ಹಾಲು ಮತ್ತು ನಿದ್ದೆ ಒಂದಕ್ಕೊಂದು ಅಂಟಿಕೊಂಡುಬಿಟ್ಟಿವೆ, ನಡುವೆ ಬ್ರಷ್ ತೂರಿಸಲು ಎಡೆಯೇ ಇಲ್ಲ. ಆದ್ದರಿಂದ ನಾನು ನಿಮಗೆ ಹೇಳುವುದರಲ್ಲಿ ಬಹುಪಾಲು ಹಲ್ಲುಜ್ಜುವುದಕ್ಕಿಂತ ಈ ಎರಡನ್ನು ಸ್ವಲ್ಪ ದೂರ ಸರಿಸುವುದರ ಬಗ್ಗೆಯೇ ಇರುತ್ತದೆ.

ರಾತ್ರಿಗೇ ಯಾಕೆ ಇಷ್ಟು ಒತ್ತು ಎಂಬುದನ್ನು ಮನೆಯವರೆಲ್ಲರೂ ತಿಳಿದಿರುವುದು ಒಳ್ಳೆಯದು. ಹಲ್ಲಿನ ಮೇಲೆ ಕಣ್ಣಿಗೆ ಕಾಣದ ಸೂಕ್ಷ್ಮಾಣುಗಳ ಒಂದು ತೆಳು ಪೊರೆ ಸದಾ ಕೂರುತ್ತಿರುತ್ತದೆ. ಬೆಲ್ಲ, ಸಕ್ಕರೆ ಅಥವಾ ಬೆಂದ ಹಿಟ್ಟಿನ ಅಂಶ ಸಿಕ್ಕ ಕೆಲವೇ ನಿಮಿಷಗಳಲ್ಲಿ ಅವು ಆಮ್ಲವನ್ನು ಹೊರಬಿಡುತ್ತವೆ, ಆ ಆಮ್ಲ ಹಲ್ಲಿನ ಮೇಲ್ಪದರವಾದ ಎನಾಮಲ್‌ನಿಂದ ಸುಣ್ಣದಂಶವನ್ನು ಕರಗಿಸುತ್ತದೆ. ಹಗಲಿನಲ್ಲಿ ಜೊಲ್ಲು ಹರಿದು ಆ ಆಮ್ಲವನ್ನು ತೊಳೆದು ತಣಿಸಿ, ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಬಾಯಿಯನ್ನು ಮತ್ತೆ ಮೊದಲಿನ ಸ್ಥಿತಿಗೆ ತರುತ್ತದೆ, ಕರಗಿದ ಸುಣ್ಣದಂಶದಲ್ಲಿ ಒಂದಿಷ್ಟನ್ನು ಹಲ್ಲಿಗೆ ಮರಳಿ ಕೂಡಿಸುತ್ತದೆ. ನಿದ್ದೆಯಲ್ಲಿ ಜೊಲ್ಲು ಸ್ರವಿಸುವುದು ಬಹುತೇಕ ನಿಂತೇಹೋಗುತ್ತದೆ, ಮಗು ನುಂಗುವುದೂ ಕಡಿಮೆಯಾಗುತ್ತದೆ. ಹಗಲಲ್ಲಿ ಒಂದು ಗಂಟೆಯಲ್ಲಿ ಮುಗಿಯುವ ಈ ಸವೆತ ರಾತ್ರಿ ಗಂಟೆಗಟ್ಟಲೆ ನಡೆಯುವುದು ಈ ಕಾರಣದಿಂದ. ಹಾಲುಹಲ್ಲಿನ ಎನಾಮಲ್ ಶಾಶ್ವತ ಹಲ್ಲಿನದಕ್ಕೆ ಹೋಲಿಸಿದರೆ ಸುಮಾರು ಅರ್ಧದಷ್ಟೇ ದಪ್ಪ, ಆದ್ದರಿಂದ ದೊಡ್ಡವರಲ್ಲಿ ವರ್ಷಗಳು ಹಿಡಿಯುವ ಹುಳುಕು ಮಗುವಿನಲ್ಲಿ ಕೆಲವು ತಿಂಗಳಲ್ಲೇ ಕಾಣಿಸಿಕೊಳ್ಳಬಹುದು.

ನಾಳೆ ಬೆಳಗ್ಗೆ ಒಂದು ಕೆಲಸ ಮಾಡಿ. ಬಾಗಿಲ ಬಳಿ ಚೆನ್ನಾಗಿ ಬೆಳಕು ಬೀಳುವ ಕಡೆ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ತೋರುಬೆರಳಿನಿಂದ ಮೇಲ್ದುಟಿಯನ್ನು ಮೂಗಿನ ಕಡೆಗೆ ಮೆಲ್ಲಗೆ ಎತ್ತಿ, ಮೇಲಿನ ನಾಲ್ಕು ಬಾಚಿಹಲ್ಲುಗಳು ಒಸಡನ್ನು ಸೇರುವ ಅಂಚನ್ನು ನೋಡಿ. ಅಲ್ಲಿ ಬಿಳಿಯ ಗೆರೆ ಕಂಡರೆ ಒದ್ದೆ ಮಾಡಿದ ಶುಭ್ರ ಹತ್ತಿ ಬಟ್ಟೆಯಿಂದ ಒರೆಸಿ, ಬಟ್ಟೆಯ ಒಣ ತುದಿಯಿಂದ ಹಲ್ಲನ್ನು ಒಣಗಿಸಿ ಮತ್ತೊಮ್ಮೆ ನೋಡಿ. ಒರೆಸಿದಾಗ ಹೋದರೆ ಅದು ಹಾಲಿನ ಅಥವಾ ಸರಿಯ ಕಟ್ಟು, ಚಿಂತೆಯಿಲ್ಲ. ಒಣಗಿದ ಮೇಲೂ ಸೀಮೆಸುಣ್ಣ ಎಳೆದಂತೆ ಹೊಳಪಿಲ್ಲದ ಬಿಳಿ ಗೆರೆ ಹಾಗೆಯೇ ಉಳಿದರೆ ಅದು ಹುಳುಕಿನ ಮೊದಲ ಗುರುತು. ಈ ಹಂತದಲ್ಲಿ ಹಲ್ಲು ತೂತಾಗಿರುವುದಿಲ್ಲ. ರಾತ್ರಿಯ ಸಕ್ಕರೆ ನಿಂತು, ಉಜ್ಜುವುದು ಸರಿಯಾಗಿ ನಡೆದು, ದಂತವೈದ್ಯರು ಫ್ಲೋರೈಡ್ ವಾರ್ನಿಷ್ (ಹಲ್ಲನ್ನು ಗಟ್ಟಿಮಾಡುವ ಲೇಪ) ಹಚ್ಚಿದರೆ ಆ ಗೆರೆ ಅಲ್ಲಿಗೇ ನಿಲ್ಲುತ್ತದೆ, ಎಷ್ಟೋ ಸಲ ಮತ್ತೆ ಗಟ್ಟಿಯಾಗುತ್ತದೆ. ಅದೇ ಗೆರೆ ಹಳದಿಯಾಗಿ, ಕಂದಾಗಿ, ಹಲ್ಲು ಒಡೆಯಲು ತೊಡಗಿದ ಮೇಲೆ ಅದನ್ನು ಹಿಂದಿರುಗಿಸುವುದು ಯಾರಿಂದಲೂ ಆಗದು. ಕೆಳಗಿನ ಎರಡು ಹಲ್ಲುಗಳು ಸಾಮಾನ್ಯವಾಗಿ ಉಳಿದುಕೊಳ್ಳುತ್ತವೆ, ಹಾಲು ಕುಡಿಯುವಾಗ ನಾಲಿಗೆ ಅವುಗಳ ಮೇಲೆ ಹಾಸಿಕೊಂಡಿರುತ್ತದೆ ಮತ್ತು ಜೊಲ್ಲಿನ ಗ್ರಂಥಿಗಳ ಬಾಯಿ ಅವುಗಳ ಹಿಂದೆಯೇ ತೆರೆದುಕೊಳ್ಳುತ್ತದೆ. ಅದರಿಂದ ಕೆಳಗಿನ ಹಲ್ಲು ಚೆನ್ನಾಗಿದೆ ಎಂದು ಮೇಲಿನದನ್ನು ನೋಡದೆ ಬಿಡುವುದು ನಾನು ಅತಿ ಹೆಚ್ಚು ಕಾಣುವ ತಪ್ಪು. ಎರಡೂವರೆ ಮೂರು ವರ್ಷದ ಮಕ್ಕಳು ನನ್ನ ಬಳಿ ಬರುವಾಗ ಮೇಲಿನ ನಾಲ್ಕು ಹಲ್ಲುಗಳು ಕಂದು ಮೋಟುಗಳಾಗಿ, ಕೆಳಗಿನವು ಮುತ್ತಿನ ಹಾಗಿರುತ್ತವೆ. ತಾಯಂದಿರು ಬೆರಗಾಗಿ ಕೇಳುತ್ತಾರೆ, ಒಂದೇ ಬಾಯಲ್ಲಿ ಹೀಗಾಗಲು ಹೇಗೆ ಸಾಧ್ಯ ಎಂದು.

ಈಗ ನಿಮ್ಮ ಮನೆಯ ಸಂಜೆಗೆ ಬರೋಣ. ಇರುವುದನ್ನು ಕೆಡಿಸದೆ, ಕ್ರಮವನ್ನು ಮಾತ್ರ ತುಸು ಬದಲಿಸಿದರೆ ಸಾಕು. ನೀವು ಆರೂವರೆಗೆ ಬಂದಾಗ ಮಗು ನಿಮ್ಮ ಎದೆಗೇ ಬರುತ್ತಾಳೆ. ಆಗ ಮನಸ್ಸು ತುಂಬ ಹಾಲು ಕೊಡಿ, ಅದನ್ನು ತಡೆಯುವ ಅಗತ್ಯವಿಲ್ಲ. ರಾಗಿ ಸರಿಯನ್ನು ಏಳೂವರೆಯ ಬದಲು ಏಳೂಕಾಲಿಗೆ ತಂದುಕೊಳ್ಳಿ. ಮಲಗುವ ಮುಂಚಿನ ಎದೆಹಾಲನ್ನು ಕತ್ತಲ ಕೋಣೆಯಲ್ಲಿ ಹಾಸಿಗೆಯ ಮೇಲೆ ಕೊಡದೆ, ಎಂಟು ಗಂಟೆಯ ಹೊತ್ತಿಗೆ ದೀಪವಿರುವ ನಡುಮನೆಯಲ್ಲಿ, ನೀವು ಗೋಡೆಗೆ ಒರಗಿ ಕುಳಿತು ಕೊಡಿ. ಕಣ್ಣು ಎಳೆಯಲು ತೊಡಗಿದ ಕೂಡಲೇ, ಪೂರ್ತಿ ನಿದ್ದೆ ಹೋಗುವ ಮೊದಲು, ಮೆಲ್ಲಗೆ ಬಿಡಿಸಿ ಅತ್ತೆಯವರ ಕೈಗೆ ಕೊಡಿ. ಹಲ್ಲುಜ್ಜುವುದು ಆಗ. ಆಮೇಲೆ ದೃಷ್ಟಿ ತೆಗೆಯುವ ಪದ್ಧತಿ ನಿಮ್ಮಲ್ಲಿದ್ದರೆ ತೆಗೆಯಲಿ, ಬಟ್ಟೆ ಬದಲಿಸಿ, ದೀಪ ಆರಿಸಿ, ಜೋಲಿಯಲ್ಲೋ ಹೆಗಲ ಮೇಲೋ ಹಾಕಿಕೊಂಡು ಜೋಗುಳ ಹಾಡಿ ಮಲಗಿಸಲಿ. ಹಾಲು, ಬ್ರಷ್, ದೃಷ್ಟಿ, ಜೋಗುಳ ಎಂಬ ಈ ಅನುಕ್ರಮ ಪ್ರತಿ ರಾತ್ರಿಯೂ ಒಂದೇ ಆಗಿರಬೇಕು. ಹದಿಮೂರು ತಿಂಗಳ ಮಗುವಿಗೆ ಗಡಿಯಾರ ತಿಳಿಯದಿದ್ದರೂ ಒಂದಾದ ಮೇಲೆ ಇನ್ನೊಂದು ಬರುತ್ತದೆ ಎಂಬುದು ಬಹಳ ಬೇಗ ತಿಳಿಯುತ್ತದೆ, ಬ್ರಷ್ ಆದ ಮೇಲೆ ಅಜ್ಜಿಯ ಜೋಗುಳ ಬರುತ್ತದೆಂದು ಗೊತ್ತಾದರೆ ಬ್ರಷ್‌ನ ಮೇಲಿನ ಸಿಟ್ಟು ತಾನಾಗಿ ಇಳಿಯುತ್ತದೆ.

ಮಲಗಿಸುವ ಕೆಲಸವನ್ನು ಅತ್ತೆಯವರಿಗೆ ವಹಿಸಿ ಎಂದು ಬೇಕೆಂದೇ ಹೇಳಿದ್ದೇನೆ. ತಾಯಿಯ ಮೈವಾಸನೆ ಹತ್ತಿರವಿದ್ದಾಗ ಮಗು ಎದೆಯನ್ನೇ ಹುಡುಕುತ್ತದೆ, ಅದು ಸಹಜ. ಮೊದಲ ಐದಾರು ರಾತ್ರಿ ನಿಮ್ಮನ್ನು ಕೇಳಿ ಅಳಬಹುದು. ಒಂದು ವಾರ, ಹತ್ತು ದಿನ ಇಬ್ಬರೂ ಮನಸ್ಸು ಗಟ್ಟಿಮಾಡಿಕೊಂಡರೆ ಹೆಚ್ಚಿನ ಮಕ್ಕಳು ಹೊಂದಿಕೊಳ್ಳುತ್ತಾರೆ. ಜ್ವರ, ಶೀತ, ಊರಿಗೆ ಹೋಗಿಬರುವುದು ಇದ್ದರೆ ಆ ವಾರದಲ್ಲಿ ಈ ಬದಲಾವಣೆಯನ್ನು ಆರಂಭಿಸಬೇಡಿ.

ಆದರೂ ಕೆಲವು ರಾತ್ರಿ ಮಗು ಎದೆಯಲ್ಲೇ ನಿದ್ದೆ ಹೋಗುತ್ತಾಳೆ. ಆಗ ಎಬ್ಬಿಸಬೇಡಿ. ಗಾಢ ನಿದ್ದೆಯಲ್ಲಿರುವ ಮಗುವಿನ ಬಾಯಿಗೆ ಬ್ರಷ್ ಹಾಕಿದರೆ ಹೆದರಿ ಏಳುತ್ತದೆ, ನಾಳೆಯಿಂದ ಬ್ರಷ್ ಎಂದರೆ ಆ ಹೆದರಿಕೆಯೇ ನೆನಪಾಗುತ್ತದೆ. ಒದ್ದೆ ಮಾಡಿ ಹಿಂಡಿದ ಮೆತ್ತನೆಯ ಬಟ್ಟೆಯನ್ನು ಬೆರಳಿಗೆ ಸುತ್ತಿ, ಮೇಲಿನ ನಾಲ್ಕು ಹಲ್ಲುಗಳ ಮುಂಭಾಗವನ್ನು ಒಮ್ಮೆ ಒರೆಸಿ ಸುಮ್ಮನಾಗಿ. ನಿಮ್ಮ ಕೆಲಸದ ಪಾಳಿ ಬದಲಾಗಿ ಈ ಕ್ರಮ ನಡೆಯುವುದೇ ಇಲ್ಲ ಎನ್ನುವ ವಾರಗಳಲ್ಲಿ ಇನ್ನೊಂದು ದಾರಿ ಇದೆ: ಸರಿ ತಿನ್ನಿಸಿದ ಕೂಡಲೇ, ಮಗು ಇನ್ನೂ ಲವಲವಿಕೆಯಿಂದಿರುವಾಗಲೇ ಚೆನ್ನಾಗಿ ಹಲ್ಲುಜ್ಜಿ, ಅಲ್ಲಿಂದ ಮುಂದೆ ಬೆಳಗಿನವರೆಗೆ ಎದೆಹಾಲು ಮತ್ತು ನೀರು ಬಿಟ್ಟು ಬೇರೇನೂ ಕೊಡದಿರಿ. ಇದು ಎರಡನೆಯ ದರ್ಜೆಯ ಏರ್ಪಾಡು ನಿಜ. ಆದರೆ ನಿದ್ದೆಗೆಟ್ಟು ಚೀರುವ ಮಗುವಿನ ಜೊತೆ ಒಂಬತ್ತು ಗಂಟೆಗೆ ಸೆಣಸಾಡುವುದಕ್ಕಿಂತ ಏಳೂವರೆಗೆ ಶಾಂತವಾಗಿ ಪೂರ್ತಿ ಉಜ್ಜುವುದನ್ನೇ ನಾನು ಆರಿಸುತ್ತೇನೆ.

ಎದೆಹಾಲಿನ ಬಗ್ಗೆ ತಪ್ಪು ತಿಳಿವಳಿಕೆ ಬೇಡ. ಎರಡು ವರ್ಷ ಅಥವಾ ಅದಕ್ಕೂ ಮುಂದೆ ಎದೆಹಾಲು ಮುಂದುವರಿಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ, ಹಲ್ಲಿಗಾಗಿ ಅದನ್ನು ಬಿಡಿಸಿ ಎಂದು ನಾನು ಯಾವ ತಾಯಿಗೂ ಹೇಳುವುದಿಲ್ಲ. ವರ್ಷ ತುಂಬಿದ ಮೇಲೆ ರಾತ್ರಿಯಿಡೀ ಮೊಲೆ ಬಾಯಲ್ಲಿಟ್ಟುಕೊಂಡೇ ಮಲಗುವುದು, ಅದರ ಜೊತೆ ಹಗಲಿನಲ್ಲಿ ಸಿಹಿ ತಿನಿಸು ಸೇರುವುದು, ಉಜ್ಜದೆ ಬಿಡುವುದು, ಇವು ಒಟ್ಟಾದಾಗ ಹುಳುಕಿನ ಸಾಧ್ಯತೆ ಹೆಚ್ಚುತ್ತದೆ. ನಿಮ್ಮ ಮನೆಯಲ್ಲಿ ನನ್ನನ್ನು ನಿಜವಾಗಿ ಕಳವಳಕ್ಕೀಡುಮಾಡುವುದು ನಡುರಾತ್ರಿಯ ಆ ಸಕ್ಕರೆ ಹಾಲಿನ ಬಾಟಲಿ. ಎಂಟು ಗಂಟೆಗೆ ಎಷ್ಟು ಶ್ರದ್ಧೆಯಿಂದ ಉಜ್ಜಿದರೂ ಒಂದು ಗಂಟೆಗೆ ಸಕ್ಕರೆ ಹಾಲು ಬಾಯಲ್ಲಿ ನಿಂತರೆ ಉಜ್ಜಿದ್ದು ವ್ಯರ್ಥ. ಒಮ್ಮೆಗೇ ಕಿತ್ತುಕೊಳ್ಳುವುದು ಕಷ್ಟವಾದ್ದರಿಂದ ಮೊದಲು ಸಕ್ಕರೆಯನ್ನು ದಿನಕ್ಕಿಷ್ಟು ಕಡಿಮೆ ಮಾಡುತ್ತ ನಾಲ್ಕೈದು ದಿನಗಳಲ್ಲಿ ಪೂರ್ತಿ ನಿಲ್ಲಿಸಿ. ಆಮೇಲೆ ಹಾಲಿಗೆ ಕುದಿಸಿ ಆರಿಸಿದ ನೀರನ್ನು ಮೊದಲ ಎರಡು ರಾತ್ರಿ ಕಾಲು ಭಾಗ, ಮುಂದಿನ ಎರಡು ರಾತ್ರಿ ಅರ್ಧ ಭಾಗ ಎಂದು ಬೆರೆಸುತ್ತ ಹೋಗಿ ಕೊನೆಗೆ ಬರೀ ನೀರಿಗೆ ತನ್ನಿ. ಬರೀ ನೀರಿಗಾಗಿ ಎದ್ದು ಕೂರುವ ಮಕ್ಕಳು ಕಡಿಮೆ. ಹಗಲಿನಲ್ಲಿ ಕೊಡುವ ಹಾಲನ್ನು ಪುಟ್ಟ ಲೋಟದಲ್ಲಿ ಅಥವಾ ಒಳಲೆಯಲ್ಲಿ ನೀರು ಬೆರೆಸದೆ ಕೊಡಿ, ಬಾಟಲಿಯನ್ನು ಒಂದೂವರೆ ವರ್ಷದೊಳಗೆ ಮನೆಯಿಂದಲೇ ಬೀಳ್ಕೊಡಿ. ತೂಕ ಕಡಿಮೆಯಿರುವ ಮಗುವಾದರೆ ರಾತ್ರಿಯ ಹಾಲನ್ನು ನಿಲ್ಲಿಸುವ ಮುನ್ನ ನಿಮ್ಮ ಮಕ್ಕಳ ವೈದ್ಯರನ್ನು ಒಂದು ಮಾತು ಕೇಳಿ.

ರಾಗಿ ಸರಿಯ ತಪ್ಪಿಲ್ಲ. ನಮ್ಮ ಸೀಮೆಯ ಮಕ್ಕಳು ಅದರಲ್ಲೇ ಬೆಳೆದಿದ್ದಾರೆ, ಅದರ ಸುಣ್ಣದಂಶ ಬೆಳೆಯುವ ಮೂಳೆಗೂ ಹಲ್ಲಿಗೂ ಬೇಕಾದದ್ದೇ. ಬೆಲ್ಲ ಸೇರಿದಾಗ ಅದು ಅಂಟಂಟಾಗಿ ಹಲ್ಲಿನ ಹಿಂದೆ ಕೂರುತ್ತದೆ. ಎರಡು ವರ್ಷದೊಳಗಿನ ಮಕ್ಕಳ ಆಹಾರಕ್ಕೆ ಸಕ್ಕರೆ ಬೆಲ್ಲ ಬೆರೆಸದಿರುವುದು ಒಳ್ಳೆಯದು ಎಂಬುದು ಮಕ್ಕಳ ವೈದ್ಯರ ಸಲಹೆ. ಬೆಲ್ಲ ಒಳ್ಳೆಯದು, ಸಕ್ಕರೆ ಮಾತ್ರ ಕೆಟ್ಟದ್ದು ಎಂಬ ಭೇದವನ್ನು ಹಲ್ಲಿನ ಮೇಲಿನ ಸೂಕ್ಷ್ಮಾಣುಗಳು ಮಾಡುವುದಿಲ್ಲ. ಸಂಜೆಯ ಸರಿಗೆ ತುಪ್ಪ, ಚಿಟಿಕೆ ಜೀರಿಗೆ ಪುಡಿ ಹಾಕಿ ನೋಡಿ. ಇನ್ನು ಕೆಮ್ಮಿಗೆ ಕೊಡುವ ಸಿರಪ್, ಕಬ್ಬಿಣಾಂಶದ ಹನಿಗಳು ಇವೆಲ್ಲ ಸಿಹಿಯಾಗಿರುತ್ತವೆ, ರಾತ್ರಿಯ ಔಷಧವನ್ನು ಉಜ್ಜುವ ಮುಂಚೆಯೇ ಕೊಡುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಉಜ್ಜುವ ಭಂಗಿಯ ವಿಷಯದಲ್ಲಿ ನಿಮ್ಮ ಅತ್ತೆಯವರಿಗೆ ನನಗಿಂತ ಹೆಚ್ಚು ಕೈ ಪಳಗಿರುತ್ತದೆ. ಎಳೆಮಗುವಿಗೆ ಎಣ್ಣೆ ನೀರು ಹಾಕುವಾಗ ಕಾಲು ಚಾಚಿ ಕುಳಿತು ಮಗುವನ್ನು ಕಾಲಿನ ಮೇಲೆ ಅಂಗಾತ ಮಲಗಿಸಿಕೊಳ್ಳುತ್ತಾರಲ್ಲ, ಅದೇ ಭಂಗಿ. ವ್ಯತ್ಯಾಸವೆಂದರೆ ಇಲ್ಲಿ ಮಗುವಿನ ತಲೆ ಉಜ್ಜುವವರ ಮಡಿಲ ಕಡೆಗೂ ಕಾಲು ಅವರ ಪಾದದ ಕಡೆಗೂ ಇರಬೇಕು. ಹೀಗೆ ಮಲಗಿಸಿದಾಗ ತಲೆ ತೊಡೆಗಳ ನಡುವೆ ಭದ್ರವಾಗಿ ಕೂರುತ್ತದೆ, ಮೇಲಿನಿಂದ ಬಗ್ಗಿ ನೋಡಿದರೆ ಮೇಲಿನ ಹಲ್ಲು, ಕೆಳಗಿನ ಹಲ್ಲು ಎರಡೂ ಕಾಣಿಸುತ್ತವೆ. ಇಬ್ಬರಿದ್ದರೆ ಎದುರುಬದುರಾಗಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತು, ತಲೆಯನ್ನು ಉಜ್ಜುವವರ ಮಡಿಲಿನಲ್ಲಿಟ್ಟು, ಮಗುವಿನ ಎರಡು ಕಾಲುಗಳನ್ನು ಇನ್ನೊಬ್ಬರ ಸೊಂಟದ ಎರಡೂ ಬದಿಗೆ ಬಿಟ್ಟು, ಅವರು ಪುಟ್ಟ ಕೈಗಳನ್ನು ಹಿಡಿದುಕೊಂಡು ಮಾತಾಡಿಸುತ್ತಿದ್ದರೆ ಇನ್ನೂ ಸುಲಭ. ಮಗುವಿಗೆ ತಾಯಿಯ ಮುಖ ಕಾಣುತ್ತಿರುತ್ತದೆ. ನಿಂತುಕೊಂಡು ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಉಜ್ಜುವುದು ಬೇಡ, ಆ ಭಂಗಿಯಲ್ಲಿ ಮೇಲಿನ ಹಲ್ಲು ಕಾಣುವುದೇ ಇಲ್ಲ.

ನಿಮ್ಮ ಮಗಳು ಅಳಲು ಒಂದು ಕಾರಣವನ್ನು ನಾನು ಊಹಿಸಬಲ್ಲೆ. ಮೇಲ್ದುಟಿಯ ಒಳಬದಿಯ ನಡುವಿನಿಂದ ಒಸಡಿಗೆ ಇಳಿಯುವ ತೆಳುವಾದ ಚರ್ಮದ ಎಳೆಯೊಂದಿದೆ. ನಿಮ್ಮ ನಾಲಿಗೆಯ ತುದಿಯಿಂದ ಮುಟ್ಟಿ ನೋಡಿಕೊಂಡರೆ ನಿಮಗೂ ಸಿಗುತ್ತದೆ. ಮಕ್ಕಳಲ್ಲಿ ಅದು ಹಲ್ಲಿನ ಹತ್ತಿರಕ್ಕೇ ಬಂದಿರುತ್ತದೆ. ಅಡ್ಡಡ್ಡವಾಗಿ ಬ್ರಷ್ ಎಳೆದರೆ ಕೂದಲುಗಳು ಆ ಎಳೆಗೆ ಚುಚ್ಚಿ ಚುರುಕ್ ಎನ್ನುತ್ತದೆ. ಎಡಗೈಯ ತೋರುಬೆರಳಿನಿಂದ ತುಟಿ ಎತ್ತಿ, ಬೆರಳಿನ ತುದಿಯನ್ನು ಆ ಎಳೆಯ ಮೇಲೆ ಮೆಲ್ಲಗೆ ಮುಚ್ಚಿ ಹಿಡಿದು, ಬಲಗೈಯ ಬ್ರಷ್‌ನಿಂದ ಮೊದಲು ಎಡಬದಿಯ ಎರಡು ಹಲ್ಲು, ಅನಂತರ ಬಲಬದಿಯ ಎರಡು ಹಲ್ಲು ಎಂದು ಬೇರೆಬೇರೆಯಾಗಿ, ಒಸಡಿನ ಅಂಚಿನಲ್ಲಿ ಚಿಕ್ಕ ಚಿಕ್ಕ ಸುತ್ತುಗಳಲ್ಲಿ ಉಜ್ಜಿ. ಹಲ್ಲಿನ ಹಿಂಬದಿಯನ್ನೂ ಮರೆಯಬೇಡಿ. ಆರು ಹಲ್ಲಿಗೆ ಮುಕ್ಕಾಲು ನಿಮಿಷ ಸಾಕು. ಮನಸ್ಸಿನಲ್ಲಿ ಅಲ್ಲ, ಬಾಯಿಬಿಟ್ಟು ಒಂದು, ಎರಡು ಎಂದು ಇಪ್ಪತ್ತರವರೆಗೆ ಎಣಿಸಿ, ಎರಡು ಸಲ ಎಣಿಸಿದರೆ ಮುಗಿಯಿತು. ಕೊನೆ ಯಾವಾಗ ಬರುತ್ತದೆಂದು ಮಗು ಎಣಿಕೆಯಿಂದಲೇ ಕಲಿಯುತ್ತದೆ.

ಅಳು ಬಂದಾಗ ಹೆದರಬೇಡಿ. ಅಳುವಾಗ ಬಾಯಿ ಅಗಲವಾಗಿ ತೆರೆದಿರುತ್ತದೆ, ಕೆಲಸ ಬೇಗ ಮುಗಿಯುತ್ತದೆ. ಕೈಯಲ್ಲಿ ಒತ್ತಡವಿಲ್ಲದೆ, ದನಿಯಲ್ಲಿ ಗದರಿಕೆಯಿಲ್ಲದೆ ಮುಗಿಸಿ ಕೂಡಲೇ ಎತ್ತಿಕೊಳ್ಳಿ. ಹಗಲಿನಲ್ಲಿ ಅದೇ ಬ್ರಷ್‌ನಂತಹ ಇನ್ನೊಂದನ್ನು ನಿಮ್ಮ ಕಣ್ಣೆದುರಿನಲ್ಲಿ ಕುಳಿತು ಕಚ್ಚಾಡಲು ಕೊಡಿ. ಬ್ರಷ್ ಹಿಡಿದು ಓಡಾಡಲು ಮಾತ್ರ ಬಿಡಬೇಡಿ, ಬಿದ್ದರೆ ಗಂಟಲಿಗೆ ಚುಚ್ಚುವ ಅಪಾಯವಿದೆ. ನೀವು ಹಲ್ಲುಜ್ಜುವಾಗ ಅವಳನ್ನು ಎದುರಿಗೆ ಕೂರಿಸಿಕೊಳ್ಳಿ. ಬೆರಳಿಗೆ ತೊಡಿಸುವ ಸಿಲಿಕೋನ್ ಬ್ರಷ್ ಇಷ್ಟು ದಿನ ಸರಿಯಿತ್ತು, ಇನ್ನೇನು ಮೊದಲ ದವಡೆಹಲ್ಲು ಹದಿಮೂರರಿಂದ ಹತ್ತೊಂಬತ್ತು ತಿಂಗಳ ನಡುವೆ ಬರುತ್ತದೆ. ಅದರ ಮೇಲಿನ ಗುಳಿಗಳನ್ನು ಸಿಲಿಕೋನ್ ತಲುಪದು, ಆದ್ದರಿಂದ ತೀರ ಚಿಕ್ಕ ತಲೆಯ, ಮೆತ್ತನೆಯ ಕೂದಲಿನ ಬ್ರಷ್‌ಗೆ ಈಗಲೇ ಬದಲಾಗಿ.

ಇನ್ನು ಫ್ಲೋರೈಡ್. ನಿಮ್ಮ ಆತಂಕಕ್ಕೆ ಆಧಾರವಿದೆ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿಯೂ ತುಮಕೂರಿನ ಪಾವಗಡದ ಕಡೆಯೂ ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆ ಬಾವಿಗಳು ಬತ್ತಿದಂತೆಲ್ಲ ಜನ ಕೊಳವೆಬಾವಿಯನ್ನು ಆಳಕ್ಕೆ ಇಳಿಸುತ್ತ ಹೋದರು, ಸಾವಿರ ಅಡಿ ದಾಟುವುದು ಇಲ್ಲಿ ಹೊಸತೇನಲ್ಲ. ಕಲ್ಲುಬಂಡೆಯ ಬಿರುಕಿನಲ್ಲಿ ಬಹುಕಾಲ ನಿಂತ ನೀರು ಆ ಕಲ್ಲಿನಲ್ಲಿರುವ ಫ್ಲೋರೈಡನ್ನು ಕರಗಿಸಿಕೊಂಡು ಮೇಲೆ ಬರುತ್ತದೆ. ಭಾರತೀಯ ಮಾನಕ ಸಂಸ್ಥೆಯ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. ಅದನ್ನು ಮೀರಿದ ನೀರನ್ನು ಹಲ್ಲು ಒಸಡಿನೊಳಗೆ ರೂಪುಗೊಳ್ಳುತ್ತಿರುವ ವರ್ಷಗಳಲ್ಲಿ ಕುಡಿದರೆ ಎನಾಮಲ್ ಸರಿಯಾಗಿ ಗಟ್ಟಿಯಾಗದೆ, ಮುಂದೆ ಶಾಶ್ವತ ಹಲ್ಲು ಬರುವಾಗಲೇ ಬಿಳಿ ಅಥವಾ ಕಂದು ಕಲೆಗಳೊಡನೆ ಬರುತ್ತದೆ. ಮುಂಭಾಗದ ಶಾಶ್ವತ ಬಾಚಿಹಲ್ಲುಗಳಿಗೆ ಅತಿ ಸೂಕ್ಷ್ಮವಾದ ಕಾಲ ಒಂದರಿಂದ ಮೂರು ವರ್ಷದ ನಡುವಿನದು. ನಿಮ್ಮ ಮಗಳು ಈಗಷ್ಟೇ ಆ ಕಾಲಕ್ಕೆ ಕಾಲಿಟ್ಟಿದ್ದಾಳೆ.

ಪೇಸ್ಟ್‌ನಿಂದ ಎಷ್ಟು ಹೋಗುತ್ತದೆ, ನೀರಿನಿಂದ ಎಷ್ಟು ಹೋಗುತ್ತದೆ ಎಂಬ ಲೆಕ್ಕವನ್ನು ಒಮ್ಮೆ ಎದುರಿಗಿಟ್ಟು ನೋಡಿ. ನಮ್ಮ ದೇಶದಲ್ಲಿ ಟೂತ್‌ಪೇಸ್ಟ್‌ನ ಫ್ಲೋರೈಡ್ 1000 ಪಿಪಿಎಂ (ಅಂದರೆ ಒಂದು ಗ್ರಾಂ ಪೇಸ್ಟಿಗೆ 1 ಮಿಲಿಗ್ರಾಂ) ಮೀರಬಾರದು, ಎಷ್ಟಿದೆ ಎಂಬುದನ್ನು ಟ್ಯೂಬಿನ ಮೇಲೆ ಮುದ್ರಿಸಿರಬೇಕು ಎಂಬ ನಿಯಮವಿದೆ. ಮೂರು ವರ್ಷದೊಳಗಿನ ಮಗುವಿಗೆ ಹಾಕಬೇಕಾದದ್ದು ಒಂದು ಅಕ್ಕಿಕಾಳಿನಷ್ಟು ಪೇಸ್ಟ್. ಅಷ್ಟನ್ನೂ ಮಗು ನುಂಗಿಬಿಟ್ಟರೂ ಒಳಗೆ ಹೋಗುವ ಫ್ಲೋರೈಡ್ ಸುಮಾರು 0.1 ಮಿಲಿಗ್ರಾಂ. ಲೀಟರಿಗೆ 2 ಮಿಲಿಗ್ರಾಂ ಇರುವ ನೀರಿನಲ್ಲಿ ಬೇಯಿಸಿದ ಸರಿ, ಕುಡಿದ ನೀರು ಎಲ್ಲ ಸೇರಿ ದಿನಕ್ಕೆ ಅರ್ಧ ಲೀಟರ್ ಎಂದುಕೊಂಡರೆ ಅದರಿಂದಲೇ 1 ಮಿಲಿಗ್ರಾಂ ಹೋಗುತ್ತದೆ, ಅಂದರೆ ಹತ್ತು ಅಕ್ಕಿಕಾಳಿನಷ್ಟು. ಪಕ್ಕದ ಮನೆಯ ಮಕ್ಕಳ ಕಲೆ ನೀರಿನಿಂದ ಬಂದಿರುವ ಸಾಧ್ಯತೆಯೇ ಹೆಚ್ಚು. ಹೀಗಿರುವಾಗ ಪೇಸ್ಟನ್ನು ದೂರವಿಟ್ಟು ನೀರನ್ನು ಹಾಗೆಯೇ ಬಿಟ್ಟರೆ, ಹುಳುಕಿನಿಂದ ಕಾಪಾಡುವುದನ್ನು ಕಳೆದುಕೊಂಡು ಕಲೆಗೆ ಕಾರಣವಾಗುವುದನ್ನು ಉಳಿಸಿಕೊಂಡಂತೆ ಆಗುತ್ತದೆ.

ಆದ್ದರಿಂದ ಮೊದಲು ನೀರನ್ನು ಪರೀಕ್ಷಿಸಿ. ಜಲ ಜೀವನ್ ಮಿಷನ್ ಅಡಿಯಲ್ಲಿ ಹಳ್ಳಿಗಳಿಗೆ ನೀರು ಪರೀಕ್ಷೆಯ ಕಿಟ್ ಕೊಡುವ, ಅದನ್ನು ಬಳಸಲು ಊರಿನ ಮಹಿಳೆಯರಿಗೇ ತರಬೇತಿ ನೀಡುವ ವ್ಯವಸ್ಥೆಯಿದೆ. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ, ಅಂಕಿಯನ್ನು ಖಚಿತಪಡಿಸಿಕೊಳ್ಳಬೇಕಾದರೆ ಮಾದರಿಯನ್ನು ಜಿಲ್ಲಾ ಪ್ರಯೋಗಾಲಯಕ್ಕೆ ಕಳುಹಿಸುವಂತೆ ಕೇಳಿ. ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಬಹುಪಾಲು ಮನೆಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನ್ ತರುತ್ತಾರೆ, ಆದರೆ ಆ ನೀರು ಲೋಟಕ್ಕೆ ಮಾತ್ರ. ಮಗುವಿನ ಸರಿ, ಅನ್ನ, ಬೇಳೆಕಟ್ಟು ಎಲ್ಲ ಬೇಯುವುದು ನಲ್ಲಿಯ ನೀರಿನಲ್ಲೇ. ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದು ಸಾಂದ್ರವಾಗುತ್ತದೆ. ಮನೆಯ ಸಾಧಾರಣ ಕ್ಯಾಂಡಲ್ ಫಿಲ್ಟರ್ ಕೂಡ ಅದನ್ನು ತಡೆಯುವುದಿಲ್ಲ. ಆರ್‌ಓ (ನೀರನ್ನು ಸೂಕ್ಷ್ಮ ಪೊರೆಯ ಮೂಲಕ ಒತ್ತಿ ಸೋಸುವ) ಘಟಕದ ಈ ಕ್ಯಾನ್ ನೀರಿನಲ್ಲಿ ಅದು ಬಹಳಷ್ಟು ಕಡಿಮೆಯಾಗಿರುತ್ತದೆ. ಮಗುವಿಗೆ ಮೂರು ವರ್ಷ ತುಂಬುವವರೆಗಾದರೂ ಅವಳ ಸರಿಯನ್ನು, ಅನ್ನವನ್ನು ಕ್ಯಾನ್ ನೀರಿನಲ್ಲೇ ಬೇಯಿಸಿ. ದಿನಕ್ಕೆ ಬೇಕಾಗುವುದು ಒಂದೆರಡು ಲೀಟರ್ ಮಾತ್ರ.

ವರದಿಯಲ್ಲಿ 1 ಮಿಲಿಗ್ರಾಂ ಒಳಗಿದ್ದರೆ, ಅಥವಾ ಕುಡಿಯಲು ಮತ್ತು ಬೇಯಿಸಲು ಎರಡಕ್ಕೂ ಆರ್‌ಓ ನೀರನ್ನೇ ಬಳಸುತ್ತಿದ್ದರೆ, ಬೆಳಗ್ಗೆ ಮತ್ತು ರಾತ್ರಿ ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಹಾಕಿ ಧೈರ್ಯವಾಗಿ ಉಜ್ಜಿ. ವರದಿ ಬರುವವರೆಗೆ ಬೆಳಗ್ಗೆ ಬರೀ ಒದ್ದೆ ಬ್ರಷ್‌ನಿಂದ, ರಾತ್ರಿ ಮಾತ್ರ ಅಕ್ಕಿಕಾಳಿನಷ್ಟು ಪೇಸ್ಟ್‌ನಿಂದ ಉಜ್ಜುವುದು ನಿಮ್ಮ ಮಗಳ ಮಟ್ಟಿಗೆ ನನ್ನ ಸಲಹೆ, ಏಕೆಂದರೆ ರಾತ್ರಿ ಬಾಟಲಿಯಿಂದಾಗಿ ಅವಳಿಗೆ ಹುಳುಕಿನ ಅಪಾಯವೂ ಇದೆ. ಪೇಸ್ಟನ್ನು ಬ್ರಷ್‌ನ ಉದ್ದಕ್ಕೂ ಹಿಂಡಬೇಡಿ. ಟ್ಯೂಬಿನ ಬಾಯನ್ನು ಕೂದಲಿಗೆ ತಾಗಿಸಿ ತೆಗೆದರೆ ಅಂಟಿಕೊಳ್ಳುವಷ್ಟೇ ಸಾಕು, ಅದನ್ನು ಬೆರಳಿನಿಂದ ಕೂದಲಿನ ಒಳಕ್ಕೆ ಒತ್ತಿಬಿಟ್ಟರೆ ಮಗು ಅದನ್ನು ನೆಕ್ಕಿ ತಿನ್ನಲಾಗುವುದಿಲ್ಲ. ಈ ವಯಸ್ಸಿಗೆ ಉಗುಳಲು ಬರುವುದಿಲ್ಲ, ಬಾಯಿ ಮುಕ್ಕಳಿಸಬೇಕಾಗಿಯೂ ಇಲ್ಲ. ಉಜ್ಜಿದ ಮೇಲೆ ತುಟಿಯ ಸುತ್ತಲಿನ ನೊರೆಯನ್ನು ಬಟ್ಟೆಯಿಂದ ಒರೆಸಿ. ಮೂರು ವರ್ಷವಾದ ಮೇಲೆ ಬಟಾಣಿ ಕಾಳಿನಷ್ಟಕ್ಕೆ ಏರಿಸಬಹುದು. ಟ್ಯೂಬ್ ಮಾತ್ರ ಮಕ್ಕಳ ಕೈಗೆ ಎಟುಕದ ಕಡೆ ಇರಲಿ. ಹಲ್ಲುಪುಡಿ, ಇದ್ದಿಲು, ಉಪ್ಪು ಇವುಗಳನ್ನು ಮಗುವಿನ ಹಲ್ಲಿಗೆ ಮುಟ್ಟಿಸಲೇಬೇಡಿ, ಅವುಗಳ ತರಿ ತೆಳುವಾದ ಎನಾಮಲನ್ನು ಗೀರುತ್ತದೆ.

ಅತ್ತೆಯವರ ಮಾತಿಗೆ ಉತ್ತರ ಕೊಡುವಾಗ ದಯವಿಟ್ಟು ವಾದಕ್ಕಿಳಿಯಬೇಡಿ. ಅವರು ತಮ್ಮ ಮಕ್ಕಳನ್ನು ಬೆಳೆಸಿದ ಕಾಲದಲ್ಲಿ ಬಾಟಲಿ, ಬಿಸ್ಕತ್ತು, ಪೊಟ್ಟಣದ ತಿನಿಸುಗಳು ಹಳ್ಳಿಯ ಮನೆಗೆ ಇಷ್ಟು ಬರುತ್ತಿರಲಿಲ್ಲ, ಹಲ್ಲುಜ್ಜದೆಯೂ ಎಷ್ಟೋ ಮಕ್ಕಳ ಹಲ್ಲು ಉಳಿದಿರಬಹುದು. ಬಿದ್ದುಹೋಗುವ ಹಲ್ಲು ಎಂಬುದೂ ನಿಜ. ಆದರೆ ಎಲ್ಲ ಹಲ್ಲುಗಳೂ ಆರು ವರ್ಷಕ್ಕೇ ಬೀಳುವುದಿಲ್ಲ. ಇನ್ನು ಒಂದು ವರ್ಷದ ಆಸುಪಾಸಿನಲ್ಲಿ ಬರಲಿರುವ ಎರಡನೆಯ ಹಾಲು ದವಡೆಹಲ್ಲು ಹತ್ತು ಹನ್ನೆರಡು ವರ್ಷದವರೆಗೂ ಬಾಯಲ್ಲಿರಬೇಕು. ಮುದ್ದೆ, ಅನ್ನ, ಕಾಳು ಎಲ್ಲವನ್ನೂ ಮಗು ಅಗಿಯುವುದು ಅದರಿಂದಲೇ, ಕೆಳಗಿನಿಂದ ಬರುವ ಹಲ್ಲಿಗೆ ಜಾಗ ಕಾಯುವುದೂ ಅದೇ. ಅದು ಬೇಗ ಹುಳುಕಾಗಿ ಕಿತ್ತುಹೋದರೆ ಅಕ್ಕಪಕ್ಕದವು ಸರಿದು, ಶಾಶ್ವತ ಹಲ್ಲು ಸೊಟ್ಟಗೆ ಬರುತ್ತದೆ. ಹಾಲುಹಲ್ಲಿನ ಬೇರಿನಲ್ಲಿ ಕೀವಾದರೆ ಅದರ ಕೆಳಗೆ ರೂಪುಗೊಳ್ಳುತ್ತಿರುವ ಹಲ್ಲಿಗೂ ಹಾನಿ ತಟ್ಟಬಹುದು. ಇದೆಲ್ಲಕ್ಕಿಂತ ಅಜ್ಜಿಯ ಮನಸ್ಸಿಗೆ ನಾಟುವ ಮಾತು ಬಹುಶಃ ಬೇರೆಯದು: ಹಲ್ಲುನೋವಿರುವ ಮಗು ನೋವು ಎಂದು ಹೇಳಲಾರದು, ಊಟ ಬಿಡುತ್ತದೆ, ರಾತ್ರಿ ಎದ್ದೆದ್ದು ಅಳುತ್ತದೆ, ತೂಕ ಇಳಿಯುತ್ತದೆ. ಮನೆಯವರು ದೃಷ್ಟಿಯಾಗಿದೆ ಎಂದುಕೊಂಡು ಉಪ್ಪು ಮೆಣಸಿನಕಾಯಿ ಇಳಿಸಿ ತೆಗೆಯುತ್ತಾರೆ, ಬಾಯಿ ತೆರೆದು ನೋಡುವುದು ಎಷ್ಟೋ ತಿಂಗಳಾದ ಮೇಲೆ.

ಹಲ್ಲು ಬರುವಾಗಿನ ಕಿರಿಕಿರಿಯ ದಿನಗಳಲ್ಲಿಯೂ ಉಜ್ಜುವುದನ್ನು ನಿಲ್ಲಿಸಬೇಡಿ, ಊದಿದ ಒಸಡಿನ ಜಾಗವನ್ನು ಮಾತ್ರ ಬಟ್ಟೆಯಿಂದ ಒರೆಸಿ. ಜೊಲ್ಲು ಹೆಚ್ಚುವುದು, ಕಚ್ಚುವುದು ಸಹಜ. 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರವನ್ನು, ಭೇದಿಯನ್ನು ಹಲ್ಲಿನ ತಲೆಗೆ ಕಟ್ಟದೆ ವೈದ್ಯರಿಗೆ ತೋರಿಸಿ. ಒಸಡು ಮರಗಟ್ಟಿಸುವ ಜೆಲ್‌ಗಳನ್ನು ನೀವಾಗಿಯೇ ತಂದು ಹಚ್ಚಬೇಡಿ.

ಮೊದಲ ಹುಟ್ಟುಹಬ್ಬದೊಳಗೆ ಒಮ್ಮೆ ದಂತವೈದ್ಯರಿಗೆ ತೋರಿಸಬೇಕೆಂಬುದು ನಮ್ಮ ವೃತ್ತಿಯ ಸಾಮಾನ್ಯ ಸಲಹೆ, ಒಂದು ತಿಂಗಳು ತಡವಾಗಿದ್ದರೆ ಅಡ್ಡಿಯಿಲ್ಲ. ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗದಲ್ಲಿ ಮೊದಲು ತೋರಿಸಿ. ಬಿಳಿ ಗೆರೆ ಕಂಡಿದ್ದರೆ ಕೆಜಿಎಫ್‌ನ ದಂತ ವೈದ್ಯಕೀಯ ಕಾಲೇಜಿನಂತಹ ಕಡೆ ಮಕ್ಕಳ ವಿಭಾಗವೇ ಬೇರೆ ಇರುತ್ತದೆ, ಅಲ್ಲಿಗೆ ಹೋಗುವುದು ಮೇಲು. ಮಗು ನಿದ್ದೆ ಮುಗಿಸಿ ಹಾಲು ಕುಡಿದು ಗೆಲುವಾಗಿರುವ ಬೆಳಗಿನ ಹೊತ್ತನ್ನೇ ಆರಿಸಿಕೊಳ್ಳಿ. ಹೋಗುವಾಗ ಮನೆಯಲ್ಲಿ ಬಳಸುವ ಬ್ರಷ್, ಪೇಸ್ಟಿನ ಟ್ಯೂಬ್, ನೀರಿನ ವರದಿ ಬಂದಿದ್ದರೆ ಅದು, ಇವನ್ನು ಚೀಲದಲ್ಲಿ ಹಾಕಿಕೊಳ್ಳಿ, ಅತ್ತೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ದಿನವೂ ರಾತ್ರಿ ಉಜ್ಜುವ ಕೈ ಅವರದಾಗಲಿದೆ; ಮೇಲ್ದುಟಿ ಎತ್ತಿ ಹಿಡಿಯುವುದನ್ನು ವೈದ್ಯರು ಅವರ ಬೆರಳಿಗೇ ತೋರಿಸಿಕೊಡಲಿ, ಅಲ್ಲಿಯೇ ಒಮ್ಮೆ ಅವರಿಂದ ಉಜ್ಜಿಸಿ ನೋಡಲಿ.